ಮಾರುವವರು ಯಾರು?

ಸರ್ಕಾರಿ ಬಾಂಡನ್ನು ಮುಂದಿನ ತಾರೀಖಿಗೆ ಇಂದೇ ಬೆಲೆ ಕಟ್ಟಿ ಕೊಳ್ಳುವ-ಮಾರುವ ಫ್ಯೂಚರ್ಸ್‌ನಲ್ಲಿ ವ್ಯಾಪಾರ ಮಾಡುವವರೇ ಕಮ್ಮಿ. ಆದರೂ ಅವನು ಕೊಳ್ಳಲು ಹೊರಟ ಕೂಡಲೇ ಯಾರೋ ಅಷ್ಟನ್ನೇ ಮಾರುತ್ತಿದ್ದರು. ಆಮೇಲೆ ಬೆಲೆ ಬೀಳುತ್ತಿತ್ತು.

“ಯಾರೋ ನನ್ನ ಬೆನ್ನು ಹತ್ತಿದ್ದಾರೆ ಕಣೇ,” ಎಂದ ಹೆಂಡತಿಗೆ.

“ಬಡ್ಡಿ ಏರಿದರೆ ಬಾಂಡಿನ ಬೆಲೆ ಇಳಿಯುತ್ತೆ ಅಂತ ನೀವೇ ಪಾಠ ಮಾಡಿದ್ರಲ್ಲ,” ಅಡುಗೆಮನೆಯಿಂದ ಉತ್ತರ ಬಂತು. “ಬಡ್ಡಿ ಏರುತ್ತೆ ಅಂದ್ಕೊಂಡೋರು ಮಾರ್ತಾರೆ.”

“ಪ್ರತಿ ಸಲ ನಾನು ಕೊಳ್ಳೋವಾಗಲೇನಾ? ಆ ಬ್ರೋಕರೇ ಕಳ್ಳ.”

“ಬ್ರೋಕರನ್ನ ಬದಲಾಯಿಸಿ ಆಯ್ತಲ್ಲ.”

“ಹಾಗಾದ್ರೆ ಈ ಕಂಪ್ಯೂಟರೊಳಗೇ ಯಾರೋ ಕೂತಿದ್ದಾರೆ. ಗುಂಡಿ ಒತ್ತಿದ್ದು ಅವರಿಗೆ ಗೊತ್ತಾಗ್ತಿದೆ.”

ಅವಳು ಮೊಬೈಲನ್ನು ಒಲೆಯ ಪಕ್ಕ ಇಟ್ಟು ಸಾಸಿವೆ ಹಾಕಿದಳು. ಒಗ್ಗರಣೆ ಸಿಡಿಯಿತು.

ಆರ್ಡರ್ ಹಾಕುವ ಮೊದಲು ಗೋಡೆಯ ಮೇಲಿನ ದೇವರ ಪಟಕ್ಕೆ ಜೋರಾಗಿ ಒಪ್ಪಿಸುವುದು ಅವನ ಅಭ್ಯಾಸ. ಇವತ್ತೂ ಕೈಮುಗಿದು ಕೂಗಿ ಹೇಳಿದ:

“ಇಪ್ಪತ್ತು ಲಾಟ್ ಕೊಳ್ತಿದ್ದೀನಪ್ಪಾ, ಕೈ ಬಿಡಬೇಡ!”

ಆದರೆ ಗುಂಡಿ ಒತ್ತಲಿಲ್ಲ. ಕಂಪ್ಯೂಟರಿನ ಕಳ್ಳ ಏನು ಮಾಡುತ್ತಾನೋ ನೋಡೋಣ ಎಂದು ಕೈಕಟ್ಟಿ ಕೂತ.

ಪರದೆಯ ಮೇಲೆ ಇಪ್ಪತ್ತು ಲಾಟ್ ಮಾರಾಟಕ್ಕೆ ಬಂತು. ಕೊಳ್ಳುವವರಿಲ್ಲದೆ ಹಾಗೇ ನಿಂತಿತು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಹೆಂಡತಿ ಕೇಳಿದಳು:

“ಯಾಕ್ರೀ, ಇನ್ನೂ ಕೊಳ್ಳಲಿಲ್ವಲ್ಲ?”