ಕೊರಳಿಗೆ ಬಂದ ಕಾರ್ಡು

"ಸ್ವಲ್ಪ ಬಗ್ಗು," ಎಂದ ಹುಲಿಗೇಶ. ಶ್ವೇತಾ ಮಂಚದ ಮೇಲೆ ಬಗ್ಗಿದಳು. ಕೊರಿಯರಿನಲ್ಲಿ ಬಂದಿದ್ದ ಕಂಪನಿಯ ಗುರುತಿನ ಕಾರ್ಡನ್ನು ಅವನು ಮಲಗಿದಲ್ಲಿಂದಲೇ ಹೆಂಡತಿಯ ಕೊರಳಿಗೆ ಹಾಕಿದ. "ಸಿದ್ದಾಪುರದಾಗ ಮನ್ಯಾಗ ಕುಂತು ಅದೇನ್ ನೌಕ್ರಿ ಅಂತ ಮಂದಿ ನಗತಿದ್ರು. ಈಗ ಬಂದು ನೋಡ್ಲಿ. ಕಾಗದದಾಗ ಏನ್ ಬರದಾರ, ಓದು."

ಸೋಮವಾರದಿಂದ ಎಲ್ಲರೂ ಬೆಂಗಳೂರಿನ ಆಫೀಸಿಗೇ ಬರಬೇಕು, ಅಲ್ಲಿಯ ಬಾಗಿಲು ತೆರೆಯುವುದು ಈ ಕಾರ್ಡಿಗೆ ಮಾತ್ರ, ಬರಲಾಗದವರು ಇದನ್ನು ಜೊತೆಗಿರುವ ಲಕೋಟೆಯಲ್ಲಿ ವಾಪಸು ಕಳಿಸಿ ಕೆಲಸ ಬಿಡಬಹುದು ಎಂದಿತ್ತು. ಶ್ವೇತಾ ಎರಡು ಸಲ ಓದಿಕೊಂಡಳು. "ಛಲೋ ಕೆಲಸ ಮಾಡೀರಿ ಅಂತ ಬರದಾರ," ಎಂದಳು.

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಅಕ್ಕಿ ಮಿಲ್ಲಿನಲ್ಲಿ ಚೀಲಗಳು ಮೈಮೇಲೆ ಕುಸಿದು ಸೊಂಟ ಮುರಿದಂದಿನಿಂದ ಅವನನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾಲ್ಕು ವರ್ಷ ಅವಳು ಮೀಟಿಂಗುಗಳ ನಡುವೆ ಎದ್ದು ಬಂದು ಅದನ್ನು ಮಾಡಿದ್ದಳು. ಈಗಲೂ ಬೆನ್ನ ಕೆಳಗೆ ಕೈ ತೂರಿಸಿ ಗೋಡೆಯ ಕಡೆ ಹೊರಳಿಸಿದಳು. ಕೊರಳಿನ ಕಾರ್ಡು ತೂಗಾಡಿ ಅವನ ಕೆನ್ನೆಗೆ ತಾಗಿತು.

"ಅದನ್ನ ತೆಗಿಬ್ಯಾಡ," ಎಂದ ಅವನು ಗೋಡೆಗೆ ಮುಖ ಮಾಡಿ. "ಭಾಳ ಒಪ್ಪತೈತಿ ನಿನಗ."

"ಇಲ್ಲ, ತೆಗಿಯಂಗಿಲ್ಲ," ಎಂದಳು ಶ್ವೇತಾ, ಕಾರ್ಡು ಹಾಕಿದ ಲಕೋಟೆಯ ಬಾಯಿಗೆ ಅಂಟು ಹಚ್ಚುತ್ತ.