ರಾಣಿಗೊಂದು ಮುಡಿಪು

“ಸುಳ್ಳು! ಶುದ್ಧ ಸುಳ್ಳು!” ಎಂದು ರಂಗಸ್ವಾಮಿ ಮೇಷ್ಟ್ರು ವಾರಪತ್ರಿಕೆಯನ್ನು ಮೊಣಕಾಲಿಗೆ ಬಡಿದರು. “ಹೊಯ್ಸಳರ ಕಾಲದಲ್ಲಿ ಮೆಣಸಿನಕಾಯಿ ಎಲ್ಲಿತ್ತವ್ವ? ಅದು ಪೋರ್ಚುಗೀಸರು ಹಡಗಲ್ಲಿ ತಂದಿದ್ದು. ಈ ಪುಣ್ಯಾತ್ಮ ಅರಮನೆ ಒಗ್ಗರಣೆಗೇ ಹಾಕ್ಸವ್ನೆ!”

ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ ತಾಯಿ ದೊಡ್ಡತಾಯಮ್ಮನಿಗೆ ನಿಜವಾಗಿಯೂ ಮರುಕ ಬಂತು. “ಅಂಗಾರೆ ಖಾರಾನೇ ಇಲ್ದೆ ಉಣ್ತಿದ್ಲಾ ಆ ರಾಣಿ? ಅದ್ಕೇ ಬಸ್ರೀಲಿ ಅಂಗೆ ಸೊರಗೋಗವಳೆ. ಇರ್ಲಿ, ಮುಂದ್ಕೋದ್ಲಾ.”

ಹೊಳೆನರಸೀಪುರದ ಆ ಮನೆಯಲ್ಲಿ ಶುಕ್ರವಾರದ ಸಂಜೆ ಧಾರಾವಾಹಿ ಓದಿ ಹೇಳುವುದು ಸೊಸೆ, ಅಂದರೆ ಮೇಷ್ಟ್ರ ಹೆಂಡತಿ, ಅನಸೂಯಳ ಕೆಲಸ. ಅವಳು ಚೊಚ್ಚಲ ಹೆರಿಗೆಗೆಂದು ಅರಕಲಗೂಡಿನ ತವರಿಗೆ ಹೋದ ಮೇಲೆ, ಓದು ಬಾರದ ಅತ್ತೆಗೆ ರಾಣಿ ಮಲ್ಲಲದೇವಿಯ ಸಮಾಚಾರ ತಿಳಿಸುವವರಿಲ್ಲದೆ ಆ ಭಾರ ಮೇಷ್ಟ್ರ ಹೆಗಲಿಗೆ ಬಿದ್ದಿತ್ತು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ಮನುಷ್ಯ. ಅನಸೂಯ ಕಣ್ಣೊರೆಸಿಕೊಂಡು ಓದುತ್ತಿದ್ದ ಕಡೆಯೆಲ್ಲ ಇವರು ಹಲ್ಲು ಕಡಿಯುತ್ತಿದ್ದರು.

“ಈ ರಾಣೀನೇ ಇರ್ಲಿಲ್ಲ ಕಣವ್ವ. ಯಾವ ಶಾಸನದಲ್ಲೂ ಅವಳ ಹೆಸರಿಲ್ಲ.”

“ನಿಮ್ಮಜ್ಜಿ ಎಸ್ರು ಯಾವ ಕಲ್ಲಲ್ಲಿ ಕೊರ್ದವ್ರೆ? ಅವಳೂ ಇರ್ಲಿಲ್ವಾ? ಅವಳಿಲ್ದೆ ನಾನೆಂಗ್ ಬಂದೆ, ನೀನೆಂಗ್ ಬಂದೆ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ದೇವರ ಗೂಡಿನತ್ತ ನೋಡಿದರು. ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿದ ಮುಡಿಪು ಒಂದಿರಬೇಕಾದ ಕಡೆ ಎರಡು ತೂಗುತ್ತಿದ್ದವು.

“ಇದ್ಯಾಕವ್ವ ಎರಡು?”

“ಒಂದು ಅನಸೂಯಂದು. ಇನ್ನೊಂದು ಆ ಮಲ್ಲಲದೇವೀದು. ತವರಿಲ್ಲದ ಎಣ್ಣು, ಸೆರೇಲವಳೆ, ಅವಳಿಗೆ ಯಾರು ಅರಕೆ ಒತ್ತಾರು? ಇಬ್ರಿಗೂ ಒಂದೇ ಟೈಮಿಗೆ ದಿನ ತುಂಬ್ತದೆ. ಅವಳು ಸಲೀಸಾಗಿ ಎತ್ರೆ ಇವಳೂ ಎರ್ತಾಳೆ ಅಂತ ನನ್ ಮನ್ಸು ಏಳ್ತದೆ.”

ನಗಲು ಬಾಯಿ ತೆರೆದ ಮೇಷ್ಟ್ರಿಗೆ ನಗು ಬರಲಿಲ್ಲ. ಅನಸೂಯಳಿಗೆ ಡಾಕ್ಟರಮ್ಮ ಹೇಳಿದ ದಿನ ದಾಟಿಹೋಗಿತ್ತು. ಅರಕಲಗೂಡಿನಿಂದ ಸುದ್ದಿಯಿಲ್ಲ. ಪಾಠ ಮಾಡುವಾಗಲೂ ಅವರ ಕಿವಿ ಬಸ್ಸಿನ ಸದ್ದಿನ ಕಡೆಗೇ ಇರುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಳ್ಳದೆ, ಸಿಟ್ಟನ್ನೆಲ್ಲ ಪಾಪದ ಮೆಣಸಿನಕಾಯಿಯ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಅವರು ಮುಂದೆ ಓದಿದರು. ಸೆರೆಮನೆಯಲ್ಲಿ ರಾಣಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು. ದೊಡ್ಡತಾಯಮ್ಮ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ, ಸೆರಗು ಬಿಗಿಹಿಡಿದು ಕೂತಳು. ಕೊನೆಯ ಸಾಲುಗಳ ಮೇಲೆ ಮೇಷ್ಟ್ರ ಕಣ್ಣು ಮೊದಲೇ ಓಡಿತು. ಗಂಡು ಮಗುವನ್ನು ಹೆತ್ತ ಮಲ್ಲಲದೇವಿ ಅದರ ಮುಖ ನೋಡುವ ಮುನ್ನವೇ ಕಣ್ಣು ಮುಚ್ಚಿದಳು ಎಂದು ಅಚ್ಚಾಗಿತ್ತು.

“ಯಾಕ್ಲಾ ನಿಲ್ಲುಸ್ಬುಟ್ಟೆ? ಏನಾದ್ಲು?”

ಮೇಷ್ಟ್ರು ಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಎತ್ತಿ ಹಿಡಿದರು. “ಗಂಡು ಮಗು ಆಯ್ತವ್ವ,” ಎಂದರು. “ತಾಯಿ ಮಗು ಇಬ್ಬರೂ ಚೆನ್ನಾಗವ್ರೆ.”

“ಅಯ್ಯೋ ನಮ್ಮಪ್ಪ! ಬಾಣಂತಿಗೆ ಏನ್ ಉಣ್ಣಕಿಕ್ಕುದ್ರಂತೆ?”

“ಬಿಸಿ ಅನ್ನ. ಕಾಳುಮೆಣಸಿನ ಸಾರು.” ಸುಳ್ಳು ಹೇಳುವಾಗಲೂ ಮೆಣಸಿನಕಾಯಿಯನ್ನು ಮಾತ್ರ ಅವರು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಅನಸೂಯಳ ತಮ್ಮ ಪುಟ್ಟರಾಜು ಬಂದಿಳಿದ. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮೇಷ್ಟ್ರು ಅವನ ಮುಂದೆಯೇ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದರು. ಒಲೆ ಇನ್ನೂ ಹಚ್ಚಿರಲಿಲ್ಲ. ದೊಡ್ಡತಾಯಮ್ಮ ಎರಡು ಮುಡಿಪನ್ನೂ ಬಿಚ್ಚಿಕೊಂಡು ಮನೆದೇವರಿಗೆ ಹೊರಟಾಗ ಪುಟ್ಟರಾಜು, “ಇನ್ನೊಂದು ಯಾರ್ದು ಭಾವ?” ಎಂದ. “ಬೇಕಾದವರೊಬ್ಬರದು,” ಎಂದರು ಮೇಷ್ಟ್ರು.

ಆಧಾರವಿಲ್ಲದೆ ಒಂದು ಮಾತೂ ಆಡದ ಮನುಷ್ಯ ಅಂದಿನಿಂದ ಪ್ರತಿ ಶುಕ್ರವಾರ ತೆರೆದ ಪತ್ರಿಕೆಯ ಹಿಂದೆ ಕೂತು, ಸತ್ತ ರಾಣಿಯನ್ನು ಸೆರೆಯಿಂದ ಬಿಡಿಸಿದರು, ತೊಟ್ಟಿಲು ಕಟ್ಟಿಸಿದರು, ಅವಳನ್ನು ಸೆರೆಗೆ ತಳ್ಳಿಸಿದ್ದ ಸವತಿಯ ಸೊಕ್ಕು ಮುರಿದರು. ಒಂದು ವಾರ ಹುಮ್ಮಸ್ಸು ಹೆಚ್ಚಿ, ರಾಣಿಯನ್ನೂ ಮಗುವನ್ನೂ ಆನೆಯ ಮೇಲೆ ಕೂರಿಸಿ ಕೊರವಂಗಲದ ಹೊಯ್ಸಳ ಗುಡಿಗೂ ಕರೆತಂದರು. ಪತ್ರಿಕೆಯವನಿಗಿಂತ ಇವರ ಕಥೆಯೇ ಚೆನ್ನಾಗಿತ್ತು ಎಂದರೆ ತಪ್ಪಲ್ಲ.

ಐದು ತಿಂಗಳಾದ ಮೇಲೆ ಅನಸೂಯ ಮಗುವಿನೊಂದಿಗೆ ಬಂದಳು. ಆರತಿಯ ನೀರು ಚೆಲ್ಲಿ ಒಳಗೆ ಬಂದು ಕೂತ ಅತ್ತೆಯ ತೊಡೆಯ ಮೇಲೆ ಕೂಸನ್ನು ಮಲಗಿಸಿದವಳೇ, “ಅತ್ತೆ, ಮಲ್ಲಲದೇವಿ ಸತ್ತೋದ್ಲಲ್ಲ! ಬಾಣಂತಿ ಓದಬಾರ್ದು ಅಂತ ನಮ್ಮವ್ವ ಬಯ್ತಿದ್ರೂ ಕದ್ದು ಓದಿ ಅತ್ಬುಟ್ಟೆ,” ಎಂದಳು.

ದೊಡ್ಡತಾಯಮ್ಮ ಮಗನ ಮುಖ ನೋಡಿದಳು. ಅನಸೂಯಳೂ ನೋಡಿದಳು. ಮೇಷ್ಟ್ರು ಕೆಮ್ಮಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಆ ಬರೆದೋನಿಗೆ ಏನೂ ಆಧಾರ ಇಲ್ಲ ಕಣವ್ವ,” ಎಂದರು.

ದೊಡ್ಡತಾಯಮ್ಮನ ಮುಖ ಅರಳಿತು. “ಕೇಳ್ದೇನವ್ವ ಅನಸೂಯ?” ಎಂದು ಮೊಮ್ಮಗಳ ತಲೆ ಸವರುತ್ತ ಹೇಳಿದಳು. “ಇಲ್ದಿರೊ ಮೆಣಸಿನಕಾಯ್ನ ತಿನ್ಸಿದೋನು, ಬದುಕಿರೋಳ್ನ ಸಾಯ್ಸದೆ ಬಿಟ್ಟಾನಾ?”