ಒಂದ ಮಾತ

“ನನಗ ಹಾಡಾಕ ಬರಂಗಿಲ್ರಿ,” ಎಂದು ಮೂರನೇ ಸಲ ಹೇಳಿ ಸುಂದರವ್ವ ಮೈಕಿಗೆ ಬೆನ್ನು ಹಾಕಿದಳು.

ರಾಜಕುಮಾರ ಗಿಟಾರು ಕೆಳಗಿಟ್ಟ. ಬರಂಗಿಲ್ಲವಂತೆ! ಸಿಟ್ಟು ಅದು. ಇವಳಿಗೆ ಎಲ್ಲ ಗೊತ್ತಿದೆ.

ಅವನಿಗೀಗ ಅರವತ್ನಾಲ್ಕು. ಒಂದು ಕಾಲಕ್ಕೆ ಗಿಟಾರು ಎತ್ತಿ ಕಿರುಚಿದರೆ ಮೈದಾನ ತುಂಬಿದ ಹುಡುಗರು ತಿರುಗಿ ಕಿರುಚುತ್ತಿದ್ದ ರಾಕ್ ಗಾಯಕ. ದನಿ ಸವೆದಿದೆ, ಮೊಣಕಾಲು ಹೋಗಿದೆ. ಕೊನೆಯ ಆಲ್ಬಮ್ಮು ಮೆಲ್ಲಗಿನದು, ಊರಿನವರ ಜೊತೆಗಿನದು. ನಿನ್ನೆ ಸಾವಳಗಿಯಲ್ಲಿ ಅಮಸಿದ್ದಪ್ಪನ ಡೊಳ್ಳು. ಇವತ್ತು ಬನಹಟ್ಟಿಯ ಈ ಹಾಳುಬಿದ್ದ ಮಗ್ಗದ ಶೆಡ್ಡು, ಸುಂದರವ್ವ. ಪೇಪರಿನವರಿಗೆ “ಬೇರು ಹುಡುಕುತ್ತಿದ್ದೇನೆ” ಎಂದಿದ್ದ. ಬೇರೂ ಇಲ್ಲ, ಬೊಡ್ಡೆಯೂ ಇಲ್ಲ. ಕದ್ದ ಮಾಲು ತಿರುಗಿ ಕೊಡಲು ಬಂದಿದ್ದ. ದೊಡ್ಡವರಿಗೆ ತಪ್ಪೊಪ್ಪಿಕೊಳ್ಳಲಿಕ್ಕೂ ಮೈಕು ಬೇಕಲ್ಲ!

ಕದ್ದದ್ದು ಇದೇ ಶೆಡ್ಡಿನಲ್ಲಿ. ನಲವತ್ತೆರಡು ವರ್ಷದ ಹಿಂದೆ ಅವನು ಇಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದ. ಅವಳು ಎದುರಿಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕಕ್ಕೆ ಸಿಡಿಲು ಬಿದ್ದರೂ ಕೇಳಿಸದು. ಅಲ್ಲಿ ಕಿವಿಗೆ ಕೆಲಸವಿಲ್ಲ, ಎಲ್ಲರೂ ತುಟಿ ನೋಡಿ ತಿಳಿಯುತ್ತಾರೆ. ಎಳೆ ಹರಿದದ್ದು, ಚಹಾ ಬಂದದ್ದು, ಮಾಲಕ ಬಂದದ್ದು, ಎಲ್ಲ ತುಟಿಯಲ್ಲೇ. ಹೆಂಗಸರ ಹಾಡೂ ಹಾಗೇ.

ಅವನು ಊರು ಬಿಟ್ಟ ವಾರ ಸುಂದರಾ ಬೇರೆ ಏನನ್ನೂ ಹಾಡಲಿಲ್ಲ. ಅವನ ಕಡೆ ಮುಖ ಮಾಡಿ ಮತ್ತೆ ಮತ್ತೆ ಅದೇ ಎರಡು ಸಾಲು:

ಸೋಮವಾರ ಬರತಾರ ನೋಡಾಕ,
ಒಂದ ಮಾತ ಹೇಳೋ, ಒಂದ ಮಾತ.

ಅವಳ ಧಾಟಿ ಅವನಿಗೆ ಕೇಳಿಸಲಿಲ್ಲ. ಮಗ್ಗದ ಬಡಿತಕ್ಕೆ ತಾನೇ ಒಂದು ಧಾಟಿ ಕೂರಿಸಿಕೊಂಡ. ನಗುತ್ತ ಅದಕ್ಕೆ ತಲೆ ಆಡಿಸಿದ. ಶನಿವಾರ ಯಾರಿಗೂ ಹೇಳದೆ ಬಸ್ಸು ಹತ್ತಿದ.

ಐದು ವರ್ಷದಲ್ಲಿ ಆ ಸಾಲಿನ ಮೇಲೆ ಕಟ್ಟಿದ ‘ಒಂದ ಮಾತ’ ನಾಡು ನಡುಗಿಸಿತು. ಸೋಮವಾರ ಬರುವವರು ಯಮದೂತರು ಎಂದು ಓದಿದವರು ಅರ್ಥ ಹಚ್ಚಿದರು. ಕ್ಯಾಸೆಟ್ಟಿನ ಮೇಲೆ ಅಚ್ಚಾಯಿತು: ಪದ, ಸಂಗೀತ, ಗಾಯನ ರಾಜಕುಮಾರ. ಆ ಹೆಸರು ಕಂಡಾಗಲೆಲ್ಲ ಅವನಿಗೆ ಮೈ ಕುಗ್ಗುತ್ತಿತ್ತು. ಊರ ಕಡೆ ಕಾಲು ಬರಲಿಲ್ಲ.

“ಅತ್ತಿ ಹಾಡಿದ್ದು ನಾ ಎಂದೂ ಕೇಳಿಲ್ರಿ,” ಎಂದಳು ಉಮಾಶ್ರೀ, ಸುಂದರವ್ವನ ತಮ್ಮನ ಮಗಳು. ಮದುವೆಯಾಗದ ಮುದುಕಿ ಇವಳ ಮನೆಯಲ್ಲೇ ಇದ್ದಾಳೆ. “ಸೋಬಾನಕ್ಕ ಕರದರೂ ಬಾಯಿ ತೆಗ್ಯಂಗಿಲ್ಲ. ಯಾರನ್ನೋ ಬಿಟ್ಟು ಯಾರನ್ನೋ ಹಿಡಕೊಂಡ ಬಂದೀರಿ ನೀವು.”

ಆ ಬಾಯಿ ಕಟ್ಟಿದವನು ನಾನೇ, ಎಂದುಕೊಂಡ ರಾಜಕುಮಾರ.

ಮೈಕು ಕಟ್ಟಿಡಲು ಹೊರಟ ರೆಕಾರ್ಡಿಂಗ್ ಹುಡುಗ ಅಮಿತನಿಗೆ ಕೈ ಮಾಡಿ ತಡೆದ. ಮೊಣಕಾಲು ಮುಲುಗಿದರೂ ನೆಲಕ್ಕೆ ಕೂತ, ಅವಳಿಗೆ ತುಟಿ ಕಾಣುವಂತೆ. ಅವನ ಕ್ಯಾಸೆಟ್ಟು ಊರಿಗೆ ಬರುವಷ್ಟರಲ್ಲೇ ಶೆಡ್ಡಿನ ಸದ್ದು ಅವಳ ಕಿವಿ ತಿಂದಿತ್ತೆಂದು ಬೆಳಿಗ್ಗೆಯಷ್ಟೇ ತಿಳಿದಿತ್ತು.

“ಸುಂದರಾ, ಇತ್ತ ನೋಡು. ನಿನ್ನ ಹಾಡ ನಾ ಕದ್ದೇನಿ. ಅದರ ಮ್ಯಾಲ ಇಷ್ಟು ವರ್ಷ ಉಂಡೇನಿ. ಈ ಸಲ ನಿನ್ನ ಹೆಸರು ಹಾಕಸ್ತೇನಿ. ನಿನ್ನ ಧಾಟ್ಯಾಗ ಒಮ್ಮಿ ಹಾಡಿ ಬಿಡು. ಆಮ್ಯಾಲ ಬೇಕಾದರ ಚಪ್ಲೀಲೆ ಹೊಡಿ.”

“ಯಾವ ಹಾಡ್ರಿ?”

ಅವನು ಆ ಎರಡು ಸಾಲನ್ನು ಧಾಟಿಯಿಲ್ಲದೆ, ಮೆಲ್ಲಗೆ, ಬರೀ ತುಟಿಯಲ್ಲಿ ಹೇಳಿದ.

ಸುಂದರವ್ವನ ಬೆರಳು ಹರಿದ ಎಳೆ ಗಂಟು ಹಾಕುವಂತೆ ಒಂದಕ್ಕೊಂದು ಹೊಸೆಯತೊಡಗಿದವು. ‘ರೀ’ ಹೋಯಿತು, ನಲವತ್ತೆರಡು ವರ್ಷವೂ ಹೋಯಿತು. ತುಟಿ ಅಲುಗಿತು.

“ಸರ್, ಏನೂ ಬರ್ತಿಲ್ಲ,” ಎಂದ ಅಮಿತ, ಹೆಡ್‌ಫೋನ್ ಒತ್ತಿಕೊಂಡು.

ರಾಜಕುಮಾರನಿಗೆ ಮಾತ್ರ ಪ್ರತಿ ಅಕ್ಷರ ಕಂಡಿತು:

“ಹಾಡಲ್ಲೋ ಖೋಡಿ, ನಿನ್ನ ಕೇಳಾಕತ್ತಿದ್ನಿ, ನೀ ತಲಿ ಆಡಿಸಿದಿ ಅಂತ ಸೋಮವಾರ ನನ್ನ ನೋಡಾಕ ಬಂದವರನ್ನ ಹೊಳ್ಳಿ ಕಳಿಸಿದ್ನಿ.”